ನೀವು ಬರದ ಭಾನುವಾರ ಯಾರು ಕೇಳುತ್ತಾರೆ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಊರು ಶಿರಸಿ ಕಡೆ. ಆರು ವರ್ಷದಿಂದ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಪಿಜಿಯಲ್ಲಿ ವಾಸ. ಚಿಕ್ಕಂದಿನಿಂದ ಸೈ-ಫೈ, ಅಂದರೆ ವಿಜ್ಞಾನದ ಕಥೆ ಓದುವ ಹುಚ್ಚು. ಕಾಲೇಜಿನಲ್ಲಿ ಫಿಲಾಸಫಿಯೂ ಹತ್ತಿಕೊಂಡಿತು. ಆಫೀಸಿನಲ್ಲಿ ಊಟದ ಹೊತ್ತಿಗೆ ಸೈಟು, ಇಎಂಐ, ಕ್ರಿಕೆಟ್ ಬಿಟ್ಟರೆ ಬೇರೆ ಮಾತಿಲ್ಲ. ಊರಿಗೆ ಹೋದರೆ ‘ಬೆಂಗಳೂರಿನವ ಬಂದ’ ಅಂತಾರೆ. ಕನ್ನಡದಲ್ಲಿ ಸೈ-ಫೈ ಕಥೆ ಬರೆಯುತ್ತೇನೆ, ಯಾರಿಗೂ ತೋರಿಸಿಲ್ಲ. ಎರಡು ಓದುಗರ ಗುಂಪಿಗೆ ಒಂದೊಂದು ಸಲ ಹೋಗಿದ್ದೆ. ಅಲ್ಲಿ ಎಲ್ಲರಿಗೂ ಎಲ್ಲರೂ ಮೊದಲೇ ಗೊತ್ತಿತ್ತು. ಸುಮ್ನೆ ಕೂತು ಎದ್ದು ಬಂದೆ. ನನ್ನಂಥವರು ಈ ಊರಿನಲ್ಲಿ ಇದ್ದಾರಾ? ಇದ್ದರೆ ಎಲ್ಲಿ? ಅಥವಾ ತೊಂದರೆ ನನ್ನಲ್ಲೇ ಇದೆಯಾ? ಒಂದು ಕಥೆಯ ಮೊದಲ ಪುಟ ಜೊತೆಗಿಟ್ಟಿದ್ದೇನೆ.

ಉತ್ತರ: ತೊಂದರೆ ನಿಮ್ಮಲ್ಲಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದು ನೆಲೆಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ನೋಡಿದರು: ಪರಿಚಯ ಸ್ನೇಹವಾಗಲು ಎಷ್ಟು ಹೊತ್ತು ಬೇಕು? ಮುಖಪರಿಚಯದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ. ನಿಜವಾದ ಸ್ನೇಹಿತರಾಗಲು ಸುಮಾರು 90 ಗಂಟೆ. ತೀರಾ ಆಪ್ತರಾಗಲು 200 ಗಂಟೆಗಿಂತ ಜಾಸ್ತಿ. ಇದು ಅಲ್ಲಿನ ಜನರ ಸರಾಸರಿ, ನಮ್ಮಲ್ಲಿ ಸ್ವಲ್ಪ ಆಚೀಚೆ ಆಗಬಹುದು. ಆದರೂ ಈ ಅಂಕಿಯನ್ನು ನಿಮ್ಮ ವಿಷಯಕ್ಕೆ ಇಟ್ಟು ನೋಡಿ. ನಾನು 26 ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದವಳು. ಹನ್ನೊಂದು ವರ್ಷದಿಂದ ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ ತಿಂಗಳಿಗೆ ಎರಡು ಭಾನುವಾರ ಒಂದು ಗುಂಪು ಸೇರುತ್ತದೆ. ಒಂದು ಸಲಕ್ಕೆ ಎರಡೂವರೆ ಗಂಟೆ, ಅಂದರೆ ತಿಂಗಳಿಗೆ ಐದು ಗಂಟೆ. 50 ಗಂಟೆ ಮುಟ್ಟಲು ಹತ್ತು ತಿಂಗಳು ಬೇಕು. 90ಕ್ಕೆ ಒಂದೂವರೆ ವರ್ಷ. ನೀವು ಎರಡು ಕಡೆ ಒಂದೊಂದು ಸಲ ಹೋಗಿ ಬಂದಿದ್ದೀರಿ. ‘ಎಲ್ಲರಿಗೂ ಎಲ್ಲರೂ ಮೊದಲೇ ಗೊತ್ತಿತ್ತು’ ಅಂತ ಬರೆದಿದ್ದೀರಲ್ಲ, ಅವರೂ ಆ ಗಂಟೆಗಳನ್ನು ಕೂತೇ ಕಳೆದವರು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಸಿಗುತ್ತದೆ. ಕೆಲಸದ ಜಾಗದಲ್ಲಿ ಒಟ್ಟಿಗೆ ಕಳೆದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಿಡುವಿನಲ್ಲಿ, ತಾವಾಗಿಯೇ ಬಂದು ಕಳೆದ ಹೊತ್ತು ಬರುತ್ತದೆ. ಆರು ವರ್ಷ ಪಕ್ಕದ ಸೀಟಿನಲ್ಲಿ ಕೂತವರು ಹತ್ತಿರವಾಗಲಿಲ್ಲ ಅಂದರೆ ಅದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವರ ತಪ್ಪೂ ಇಲ್ಲ.

ಇನ್ನು ನಿಮ್ಮ ಪ್ರಶ್ನೆಯ ಒಂದು ಪದದ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ‘ನನ್ನಂಥವರು.’ ಅವರು ಎಲ್ಲೋ ಒಂದು ಕಡೆ ಸೇರಿದ್ದಾರೆ, ವಿಳಾಸ ಸಿಕ್ಕಿದರೆ ಹೋಗಿ ಸೇರಿಕೊಳ್ಳಬಹುದು ಅಂತ ನಿಮ್ಮ ಮನಸ್ಸಿನಲ್ಲಿದೆ. ನನ್ನ ಅನುಭವ ಬೇರೆ. ‘ಇವನಾರವ ಇವನಾರವ’ ಎನಿಸಬೇಡ, ‘ಇವ ನಮ್ಮವ’ ಎನಿಸು ಅಂತ ಬಸವಣ್ಣ ಕೇಳಿಕೊಂಡ ವಚನವನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿರುತ್ತೀರಿ. ಅದರ ಕೊನೆಯ ಪದ ನೋಡಿ: ಎನಿಸಯ್ಯಾ. ‘ನಾನು ನಿಮ್ಮವನು’ ಅಂತ ಅವರು ತಾವೇ ಹೇಳಿಕೊಳ್ಳುವುದಿಲ್ಲ. ಬೇರೆಯವರು ಹಾಗೆ ಅನ್ನುವಂತೆ ಮಾಡು ಅಂತ ಬೇಡುತ್ತಾರೆ. ‘ನಮ್ಮವ’ ಅನ್ನುವ ಮಾತು ನಮ್ಮ ಬಗ್ಗೆ ಇನ್ನೊಬ್ಬರ ಬಾಯಿಂದ ಬರಬೇಕು. ಹುಡುಕಿಕೊಂಡು ಹೋಗಿ ತರುವಂಥದ್ದಲ್ಲ ಅದು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ನನ್ನವರು ಎಲ್ಲಿದ್ದಾರೆ ಅನ್ನುವ ಬದಲು ಹೀಗೆ ಕೇಳಿಕೊಳ್ಳಿ: ನಾನು ಬರದ ದಿನ ‘ಅವನೆಲ್ಲಿ’ ಅಂತ ಯಾರು ಕೇಳುತ್ತಾರೆ?

ಏಳು ವರ್ಷದ ಹಿಂದೆ ನಮ್ಮ ಗುಂಪಿಗೆ ಒಬ್ಬ ಹುಡುಗ ಬರತೊಡಗಿದ. ರಾಯಚೂರು ಕಡೆಯವನು, ಸಿಎ ಓದುತ್ತಿದ್ದ. ಮೂರು ತಿಂಗಳು ಬಾಯಿ ಬಿಡಲಿಲ್ಲ. ಆದರೆ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಬರುತ್ತಿದ್ದ. ಮೂಲೆಯಲ್ಲಿ ಸುತ್ತಿಟ್ಟ ಜಮಖಾನ ಬಿಚ್ಚಿ ಹಾಸುತ್ತಿದ್ದ. ನಮ್ಮತ್ತೆಯ ಕಾಲದ ಜಮಖಾನ ಅದು, ಒಂದು ಅಂಚು ಹರಿದಿದೆ. ಯಾರ ಕಾಲೂ ಸಿಕ್ಕಿಕೊಳ್ಳಬಾರದು ಅಂತ ಆ ಅಂಚು ಗೋಡೆ ಕಡೆಗೆ ಬರುವ ಹಾಗೆ ಹಾಸುತ್ತಿದ್ದ. ಹೀಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಒಂದು ಭಾನುವಾರ ಅವನು ಬರಲಿಲ್ಲ. ಜನ ಒಬ್ಬೊಬ್ಬರಾಗಿ ಮೇಲೆ ಬಂದು ಬರೀ ನೆಲದ ಮೇಲೆ ನಿಂತರು. ಏನೋ ಕಮ್ಮಿ ಇದೆ ಅಂತ ಎಲ್ಲರಿಗೂ ಅನ್ನಿಸುತ್ತಿದೆ, ಏನು ಅಂತ ಹೊಳೆಯುತ್ತಿಲ್ಲ. ಕೊನೆಗೆ ಒಬ್ಬರು, ನಿವೃತ್ತ ಬಸ್ ಕಂಡಕ್ಟರ್, ‘ಹುಡುಗ ಎಲ್ಲಿ ಮೇಡಂ?’ ಅಂದರು. ಫೋನ್ ಮಾಡಿದೆವು. ಜ್ವರ ಬಂದು ರೂಮಿನಲ್ಲಿ ಒಬ್ಬನೇ ಮಲಗಿದ್ದ. ಆ ಸಂಜೆ ಇಬ್ಬರು ಗಂಜಿ, ಉಪ್ಪಿನಕಾಯಿ ತೆಗೆದುಕೊಂಡು ಅವನಲ್ಲಿಗೆ ಹೋದರು. ಅಷ್ಟು ದಿನ ಅವನು ಒಂದೇ ಒಂದು ವಿಚಾರ ಮಂಡಿಸಿರಲಿಲ್ಲ. ಆದರೂ ಆವತ್ತು ಅವನಿಲ್ಲದೆ ಗುಂಪು ಕೂರಲಾರದೆ ನಿಂತಿತ್ತು.

ಗುಂಪಿಗೆ ಹೋದವರು ಸಾಮಾನ್ಯವಾಗಿ ಮಾತಿನಿಂದಲೇ ಸೇರಿಕೊಳ್ಳಬೇಕು ಅಂದುಕೊಳ್ಳುತ್ತಾರೆ. ಏನಾದರೂ ಜಾಣತನದ ಮಾತಾಡಬೇಕು, ಆಗಲಿಲ್ಲ, ಅಲ್ಲಿಗೆ ಮುಗಿಯಿತು. ಕೈಯಿಂದಲೂ ಸೇರಿಕೊಳ್ಳಬಹುದು. ಮಾತು ಬಾರದ ದಿನಗಳಲ್ಲಿ ಅದೇ ಸುಲಭದ ದಾರಿ.

ಹಾಗಾದರೆ ಫಿಲಾಸಫಿ, ಸೈ-ಫೈ ಇವೆಲ್ಲ ಯಾಕೆ ಬೇಕು, ಜಮಖಾನ ಹಾಸಲು ಯಾವ ಸಂಘವಾದರೂ ಆಗಬಹುದಲ್ಲ ಅಂತ ನೀವು ಕೇಳಬಹುದು. ಗಾಂಧಿ ಬಜಾರಿನಲ್ಲಿ ಯಾವುದಾದರೂ ದರ್ಶಿನಿಗೆ ಹೋಗಿ ನಿಂತುಕೊಳ್ಳಿ. ಎದೆಮಟ್ಟದ ದುಂಡು ಮೇಜು. ಗುರುತಿಲ್ಲದ ನಾಲ್ಕು ಜನ ಸುತ್ತ ನಿಂತು ಇಡ್ಲಿ ತಿನ್ನುತ್ತಿರುತ್ತಾರೆ. ಆ ಮೇಜು ಅವರನ್ನು ಒಂದು ಕಡೆ ಸೇರಿಸಿದೆ. ಒಬ್ಬರ ಮೇಲೊಬ್ಬರು ಬೀಳದ ಹಾಗೆ ದೂರವೂ ಇಟ್ಟಿದೆ. ಹಾನಾ ಅರೆಂಟ್ ಎಂಬ ಚಿಂತಕಿ 1958ರಲ್ಲಿ ಬಂದ ತಮ್ಮ ಪುಸ್ತಕವೊಂದರಲ್ಲಿ ಇದೇ ಮೇಜಿನ ಹೋಲಿಕೆ ಕೊಡುತ್ತಾರೆ. ಜನರ ನಡುವೆ ಇರುವ ಜಗತ್ತು ಒಂದು ಮೇಜಿನ ಹಾಗೆ, ಸುತ್ತ ಕೂತವರನ್ನು ಅದು ಕೂಡಿಸುತ್ತದೆ, ಬೇರೆಯಾಗಿಯೂ ಇಡುತ್ತದೆ. ಮಂತ್ರ ಹಾಕಿದಂತೆ ಮೇಜು ಮಾಯವಾದರೆ ಎದುರುಬದುರು ಕೂತವರ ನಡುವೆ ಏನೂ ಉಳಿಯುವುದಿಲ್ಲ. ಈಕೆ ಯಹೂದಿ. 1933ರಲ್ಲಿ ಜರ್ಮನಿ ಬಿಟ್ಟು ಓಡಬೇಕಾಯಿತು. ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ನಡುವಿನ ಬಹುಪಾಲು ವರ್ಷ ಆಕೆಗೆ ಯಾವ ದೇಶವೂ ಇರಲಿಲ್ಲ. ಎಲ್ಲಿಗೂ ಸೇರದೆ ಬದುಕಿದವರು ಬರೆದ ಮಾತು ಅಂತಲೇ ನಾನದನ್ನು ಜಾಸ್ತಿ ನಂಬುತ್ತೇನೆ.

ಒಳ್ಳೆಯ ಪ್ರಶ್ನೆ ಒಂದು ಮೇಜು. ಒಳ್ಳೆಯ ಕಥೆಯೂ ಅಷ್ಟೆ. ತೇಜಸ್ವಿಯವರ ‘ಕರ್ವಾಲೊ’ ನೆನಪು ಮಾಡಿಕೊಳ್ಳಿ. ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಮರ ಹತ್ತುವ ಬಿರ್ಯಾನಿ ಕರಿಯಪ್ಪ, ಫೋಟೊ ತೆಗೆಯುವ ಪ್ರಭಾಕರ. ಇವರನ್ನು ಒಂದು ಮದುವೆ ಮನೆಯಲ್ಲಿ ಕೂರಿಸಿದ್ದರೆ ಎರಡು ಮಾತು ಆಡುತ್ತಿದ್ದರೋ ಇಲ್ಲವೋ. ಹಾರುವ ಓತಿಯೊಂದು ಅವರನ್ನೆಲ್ಲ ಒಂದೇ ಕಾಡಿನೊಳಗೆ ನಡೆಸಿತು. ಅವರು ಒಬ್ಬರಂಥವರು ಇನ್ನೊಬ್ಬರಲ್ಲ. ‘ನನ್ನಂಥವರು’ ಅನ್ನುವ ಪದದ ಬಗ್ಗೆ ನನಗೆ ಅನುಮಾನ ಇರುವುದು ಇದಕ್ಕೇ.

ಸೈ-ಫೈನಲ್ಲಿ ಇನ್ನೂ ಒಂದು ಅನುಕೂಲ ಇದೆ. ‘ನಾನು ಒಂಟಿ’ ಅಂತ ಹೊಸಬರ ಮುಂದೆ ಹೇಳುವುದು ಯಾರಿಗೂ ಸುಲಭವಲ್ಲ. ಅದೇ ಮನುಷ್ಯ, ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಬಿಟ್ಟವನ ಬಗ್ಗೆ ಒಂದು ಗಂಟೆ ಮಾತಾಡಬಲ್ಲ. ಅವನ ವಿಷಯವೇ ಅದು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಯಾರೂ ಅದನ್ನು ಎತ್ತಿ ಹೇಳುವುದಿಲ್ಲ.

ನಮ್ಮ ಮಹಡಿಯಲ್ಲಿ ಮೂರು ವರ್ಷದ ಹಿಂದೆ ನಡೆದದ್ದನ್ನು ಹೇಳುತ್ತೇನೆ. ಆಸ್ಪತ್ರೆಯ ಲ್ಯಾಬ್‌ನಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗಿಯೊಬ್ಬಳು ತಾನು ಬರೆದ ಕಥೆ ಓದಿದಳು. ಒಂದು ಮನೆಯಲ್ಲಿ ನಲವತ್ತು ವರ್ಷ ಕೆಲಸ ಮಾಡಿದ ರೋಬೋಟ್. ಕೊನೆಗೆ ಸರ್ಕಾರ ಎಲ್ಲ ರೋಬೋಟ್‌ಗಳಿಗೂ ಬಿಡುಗಡೆ ಕೊಡುತ್ತದೆ, ಅದು ಗೇಟು ತೆಗೆದು ಹೊರಗೆ ಹೋಗುತ್ತದೆ. ಕಥೆಯ ಉದ್ದಕ್ಕೂ ‘ಯಂತ್ರಮಾನವ’ ಅಂತ ಬರೆದಿದ್ದಳು. ನಾನು ಪದದ ಕಥೆ ಹೇಳಿದೆ. ‘ರೋಬೋಟ್’ ಬಂದದ್ದು ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕರ 1920ರ ನಾಟಕದಿಂದ. ಆ ಪದ ಹೊಳೆದದ್ದು ಅವರ ಅಣ್ಣನಿಗೆ. ಚೆಕ್ ಭಾಷೆಯ ‘ರೊಬೊಟ’ ಅಂದರೆ ಒಡೆಯನಿಗೆ ಬಲವಂತಕ್ಕೆ ಮಾಡಿಕೊಡುವ ಬಿಟ್ಟಿ ಚಾಕರಿ. ಹುಡುಗಿ ತಲೆ ಎತ್ತಿ, ‘ಹಾಗಾದ್ರೆ ಯಂತ್ರಮಾನವ ಅಲ್ಲ, ಜೀತದಾಳು ಅನ್ಬೇಕಲ್ವಾ?’ ಅಂದಳು.

ಆಗ ನಮ್ಮ ಕಂಡಕ್ಟರ್, ಅದೇ ‘ಹುಡುಗ ಎಲ್ಲಿ’ ಅಂತ ಕೇಳಿದ್ದವರು, ‘ನಮ್ಮಪ್ಪ ಜೀತಕ್ಕಿದ್ದರು’ ಅಂದರು. ಅಷ್ಟು ವರ್ಷದಿಂದ ಬರುತ್ತಿದ್ದವರು ಮನೆಯ ಮಾತು ತೆಗೆದದ್ದು ಅದೇ ಮೊದಲು. ಮದುವೆಗೆ ಮಾಡಿದ ಸಾಲಕ್ಕೆ ಜೀತ. 1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬಂತು, ಬಿಡುಗಡೆ ಆಯಿತು. ‘ಆಮೇಲೂ ನಮ್ಮಪ್ಪ ಆ ಮನೆ ಜಗಲಿ ಮೇಲೆ ಕೂರಲಿಲ್ಲ. ಕೂತ್ಕೊಳ್ಳಪ್ಪ ಅಂತ ಅವರೇ ಕರೆದರೂ ಕೂರಲಿಲ್ಲ. ಸಾಯೋತನಕ ನಿಂತೇ ಮಾತಾಡ್ತಿದ್ದರು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗಿಯನ್ನು ಕೇಳಿದರು: ‘ನಿಮ್ಮ ರೋಬೋಟ್ ಗೇಟು ದಾಟಿದ ಮೇಲೆ ಎಲ್ಲಿ ಕೂರುತ್ತಮ್ಮ?’

ಹುಡುಗಿ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಏನೂ ಬರೆಯಲಿಲ್ಲ. ಕೆಳಗೆ ಬೀದಿಯಲ್ಲಿ ಸೊಪ್ಪು ಮಾರುವವರ ಕೂಗು ಕೇಳುತ್ತಿತ್ತು.

ಮುಂದಿನ ಭಾನುವಾರ ಅರಿಸ್ಟಾಟಲ್ ಓದಿದೆವು. ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಯಜಮಾನನಿಗೆ ಗುಲಾಮರೇ ಬೇಕಾಗುತ್ತಿರಲಿಲ್ಲ ಅಂತ ಅವನು 2300 ವರ್ಷದ ಹಿಂದೆ ಬರೆದಿದ್ದಾನೆ. ಗುಲಾಮಗಿರಿಯನ್ನು ಒಪ್ಪಿಕೊಂಡೇ ಬರೆದ ಮಾತು ಅದು. ಆವತ್ತು ಅರಿಸ್ಟಾಟಲ್‌ಗೆ ನಮ್ಮ ಮಹಡಿಯಲ್ಲಿ ಜೋರಾಗಿಯೇ ಬಿತ್ತು. ಹುಡುಗಿ ಕಥೆಯ ಕೊನೆ ತಿದ್ದಿಕೊಂಡು ಬಂದಿದ್ದಳು. ರೋಬೋಟ್ ಪಾರ್ಕಿಗೆ ಹೋಗಿ ಖಾಲಿ ಬೆಂಚಿನ ಪಕ್ಕ ನಿಂತುಕೊಳ್ಳುತ್ತದೆ. ಕಂಡಕ್ಟರ್ ಕಣ್ಣು ಒರೆಸಿಕೊಂಡರು. ಅವರಿಬ್ಬರ ನಡುವೆ ವಯಸ್ಸು, ಜಾತಿ, ಓದು ಯಾವುದೂ ಒಂದೇ ಇಲ್ಲ. ಈಗ ಅವಳ ಕಥೆಗಳಿಗೆಲ್ಲ ಮೊದಲ ಓದುಗ ಅವರೇ.

ಇಂಥ ಗುಂಪುಗಳ ಅಪಾಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಅದರ ವಾಸನೆ ಸ್ವಲ್ಪ ಇದೆ. ಸೈಟು, ಇಎಂಐ ಮಾತಾಡುವವರಿಗಿಂತ ತಾನು ಬೇರೆ ಅನ್ನುವುದರ ಮೇಲೆ ಕಟ್ಟಿದ ಗುಂಪು ಬಹಳ ಬೇಗ ಬಾಗಿಲು ಹಾಕಿಕೊಳ್ಳುತ್ತದೆ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸೈ-ಫೈ ಸಮ್ಮೇಳನ ನಡೆಯಿತು. ಸುಮಾರು 200 ಜನ ಸೇರಿದ್ದರು. ಈ ಬಗೆಯ ಕಥೆ ಓದುತ್ತಾರೆಂದು ಬೇರೆ ಕಡೆ ನಗೆಗೀಡಾಗಿದ್ದ ಹುಡುಗರೇ ಹೆಚ್ಚು. ಅದೇ ಸಮ್ಮೇಳನದ ಬಾಗಿಲಲ್ಲಿ, ತಮಗಾಗದ ಇನ್ನೊಂದು ಗುಂಪಿನ ಆರು ಜನರನ್ನು ಒಳಗೆ ಬಿಡದೆ ವಾಪಸ್ ಕಳಿಸಿದರು. ಹೊರಗೆ ಉಳಿದವರಲ್ಲಿ ಫ್ರೆಡರಿಕ್ ಪೋಲ್, ಡೊನಾಲ್ಡ್ ವೋಲ್‌ಹೈಮ್ ಕೂಡ ಇದ್ದರು. ಮುಂದೆ ಆ ಸಾಹಿತ್ಯದ ದೊಡ್ಡ ಲೇಖಕರು, ಸಂಪಾದಕರಾದರು. ನಿಮ್ಮ ಆಫೀಸಿನ ಊಟದ ಮೇಜಿನಲ್ಲೂ ಮನೆ ಕಂತಿನ ಮಾತಿನ ಹಿಂದೆ ಯಾರಿಗೋ ಒಂದು ಭಯ, ಒಂದು ಕನಸು ಇದ್ದೇ ಇರುತ್ತದೆ. ಒಂದು ಸಲ ಕೇಳಿ ನೋಡಿ: ‘ಆಫೀಸೇ ಇಲ್ಲದ ಕಾಲ ಬಂದರೆ ನೀವೇನು ಮಾಡ್ತೀರಾ?’

ಈಗ ಬೆಂಗಳೂರು. ವೈಟ್‌ಫೀಲ್ಡ್‌ನಿಂದ ಬಸವನಗುಡಿಗೆ ಬರುವುದು ಮೊದಲು ಒಂದು ಪ್ರಯಾಣವೇ ಆಗಿತ್ತು. 2023ರ ಅಕ್ಟೋಬರಿನಲ್ಲಿ ಮೆಟ್ರೊದ ನೇರಳೆ ಮಾರ್ಗ ಪೂರ್ತಿ ಆದ ಮೇಲೆ ಆ ನೆಪ ಇಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿಯಿರಿ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಅಲ್ಲಿಂದ ದೂರವಿಲ್ಲ. ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಆ ಕಡೆಯೇ. ಎರಡೂ 1945ರಲ್ಲಿ ಶುರುವಾದವು. ಉಪನ್ಯಾಸ ಕೇಳಲು, ಲೈಬ್ರರಿಯಲ್ಲಿ ಕೂರಲು ಒಳ್ಳೆಯ ಜಾಗ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಮೌನವಾಗಿ ಓದುವ ‘ಕಬ್ಬನ್ ರೀಡ್ಸ್’ ಜನ ಸಿಗುತ್ತಾರೆ. ನಿಮ್ಮದೇ ಮೆಟ್ರೊ ಮಾರ್ಗ, ಮಾತಾಡಲೇಬೇಕು ಅನ್ನುವ ಭಯವೂ ಇಲ್ಲ.

ಆದರೆ ನಿಮಗೆ ನಾನು ಮೊದಲು ಹೇಳುವುದು ಹವ್ಯಾಸಿ ನಾಟಕ ತಂಡ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದಲ್ಲೋ, ನಮ್ಮ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ಒಂದು ಕನ್ನಡ ನಾಟಕ ನೋಡಿ. ಮುಗಿದ ಮೇಲೆ ಮನೆಗೆ ಓಡಬೇಡಿ. ಸೆಟ್ ಬಿಚ್ಚುತ್ತಿರುತ್ತಾರೆ, ಹೋಗಿ ಒಂದು ಹಲಗೆಯ ತುದಿ ಹಿಡಿಯಿರಿ. ಆಫೀಸು ಮುಗಿಸಿ ರಿಹರ್ಸಲ್‌ಗೆ ಬರುವ ಜನ ಅವರು. ಹೊರುವ ಕೈ, ಲೈಟು ಹಿಡಿಯುವ ಕೈ ಅವರಿಗೆ ಯಾವಾಗಲೂ ಕಮ್ಮಿ. ಮೊದಲ ದಿನವೇ ನಿಮಗೊಂದು ಕೆಲಸ ಸಿಗುತ್ತದೆ. ಗಂಟೆಯ ಲೆಕ್ಕವೂ ಬೇಗ ತುಂಬುತ್ತದೆ: ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಎರಡು ಗಂಟೆ ರಿಹರ್ಸಲ್ ಅಂದರೆ ಆರೇಳು ವಾರದಲ್ಲಿ 50 ದಾಟುತ್ತದೆ. ನಾಟಕದವರಿಗೂ ಸೈ-ಫೈಗೂ ಏನು ಸಂಬಂಧ ಅನ್ನಬೇಡಿ. ಚಾಪೆಕ್‌ನ ರೋಬೋಟ್ ಮೊದಲು ಕಾಣಿಸಿಕೊಂಡದ್ದು ನಾಟಕದಲ್ಲೇ.

ಯಾವ ಗುಂಪನ್ನಾದರೂ ಆರಿಸಿಕೊಳ್ಳಿ, ಒಂದನ್ನೇ ಆರಿಸಿಕೊಳ್ಳಿ. ಆರು ತಿಂಗಳು ಬಿಡಬೇಡಿ. ಬೇಜಾರಾದ ದಿನವೂ ಹೋಗಿ. ಎರಡನೇ ಸಲವೇ ‘ನಾನೇನಾದ್ರೂ ಮಾಡ್ಲಾ?’ ಅಂತ ಕೇಳಿ. ಕುರ್ಚಿ ಜೋಡಿಸುವುದು, ಪ್ರತಿ ತೆಗೆಸಿ ತರುವುದು, ಮುಂದಿನ ಸಲದ ಮೆಸೇಜ್ ಹಾಕುವುದು, ಯಾವುದಾದರೂ ಸರಿ.

ಕನ್ನಡದಲ್ಲೇ ಸೈ-ಫೈ ಗುಂಪು ಬೇಕು ಅಂತ ನಿಮ್ಮ ಒಳಗಿನ ಆಸೆ. ಅದು ನಿಮ್ಮ ಹತ್ತಿರದಲ್ಲಿ ಇಲ್ಲದಿದ್ದರೆ ನೀವೇ ಶುರು ಮಾಡಿ, ಮೂರು ಜನ ಸಾಕು. ರಾಜಶೇಖರ ಭೂಸನೂರಮಠರಂಥವರು ದಶಕಗಳ ಹಿಂದೆಯೇ ಈ ದಾರಿ ಮಾಡಿಟ್ಟಿದ್ದಾರೆ, ಅವರಿಂದಲೇ ಓದು ಶುರುವಾಗಲಿ. ಒಂದು ಎಚ್ಚರಿಕೆ ಮಾತ್ರ. ನಾನು ಮೊದಲು ಕಟ್ಟಿದ ಗುಂಪು ಒಂದೂವರೆ ವರ್ಷಕ್ಕೆ ನಿಂತುಹೋಯಿತು. ಪ್ರತಿ ಸಲವೂ ಒಬ್ಬ ದೊಡ್ಡವರನ್ನು ಕರೆಸುತ್ತಿದ್ದೆ. ಜನ ಭಾಷಣ ಕೇಳಿದರು, ಕಾಫಿ ಕುಡಿದರು, ಹೋದರು. ಭಾಷಣಕಾರರು ಸಿಗದ ತಿಂಗಳು ಯಾರೂ ಬರಲಿಲ್ಲ. ಅವರಿಗೆ ಅಲ್ಲಿ ಬೇರೆ ಕೆಲಸವೇ ಇರಲಿಲ್ಲವಲ್ಲ. ಈಗ ನಮ್ಮಲ್ಲಿ ಭಾಷಣ ಇಲ್ಲ. ಒಬ್ಬರು ಹದಿನೈದು ನಿಮಿಷ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮಾತಾಡುವ ಸುತ್ತು. ಏನೂ ಹೇಳಲು ಇಷ್ಟವಿಲ್ಲದವರು ‘ಮುಂದಕ್ಕೆ’ ಅನ್ನಬಹುದು. ರಾಯಚೂರಿನ ಹುಡುಗ ಮೂರು ತಿಂಗಳು ಅಂದದ್ದು ಅದೊಂದೇ ಪದ.

ನೀವು ಶಿರಸಿಯವರು. ನಿಮ್ಮ ಕೈಯಲ್ಲಿ ಇನ್ನೊಂದು ಸೊತ್ತಿದೆ, ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತಾಳಮದ್ದಳೆ ಏನು ಅಂತ ನಿಮಗೆ ಹೇಳಬೇಕಿಲ್ಲ, ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುತ್ತಾರೆ. ಮಾತು ಬಾಯಿಪಾಠದ್ದಲ್ಲ, ಅಲ್ಲೇ ಹುಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಅಂತ ವಾಲಿ ರಾಮನನ್ನು ಕೇಳುತ್ತಾನೆ. ಇವತ್ತು ವಾಲಿಯಾದವರು ನಾಳೆ ರಾಮನಾಗಿ ಉತ್ತರ ಕೊಡುತ್ತಾರೆ. ನಾನು 26 ವರ್ಷದಲ್ಲಿ ಕ್ಲಾಸಿನಲ್ಲಿ ಹೇಳಿಕೊಡಲು ಒದ್ದಾಡಿದ ವಿದ್ಯೆ ಇದು: ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಆಡಿ ತೋರಿಸುವುದು. ನಿಮ್ಮ ಕಥೆಯನ್ನು ಹಾಗೆ ಕೂರಿಸಿ ನೋಡಿ. ಒಬ್ಬರು ರೋಬೋಟ್, ಒಬ್ಬರು ಅದನ್ನು ಮಾಡಿದವರು. ಅರ್ಧ ಗಂಟೆಯಾದ ಮೇಲೆ ಜಾಗ ಬದಲಾಯಿಸಿ. ‘ಬೆಂಗಳೂರಿನವ ಬಂದ’ ಅಂತಾರಲ್ಲ ಊರಿನಲ್ಲಿ, ಮುಂದಿನ ಮಳೆಗಾಲಕ್ಕೆ ಹೋದಾಗ ಅಲ್ಲಿನ ಅರ್ಥಧಾರಿಗಳ ಹತ್ತಿರ ಕೂತು ಇದನ್ನು ಕೇಳಿ ಕಲಿಯಿರಿ. ಕಲಿಯಲು ಬಂದವನನ್ನು ಹೊರಗಿನವನು ಅನ್ನುವುದು ಕಷ್ಟ.

ಒಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಒಂಟಿತನ ನಿದ್ದೆಗೆ, ಊಟಕ್ಕೆ ಬಂದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಗುಂಪು ಸಿಗುವ ತನಕ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಿಮ್ಮ ಕಥೆ. ನೀವು ಕಳಿಸಿದ ಪುಟವನ್ನು ಎರಡು ಸಲ ಓದಿದೆ. ಶನಿಯ ಉಪಗ್ರಹ ಟೈಟನ್‌ನಲ್ಲಿ ಆಂಟೆನಾ ಗೋಪುರ ರಿಪೇರಿ ಮಾಡುವವನು. ಅವನ ಅಜ್ಜ ಕೊನೆಗೌಡ, ಅಡಿಕೆ ಮರದಿಂದ ಮರಕ್ಕೆ ದಾಟುತ್ತ ಕೊನೆ (ಗೊನೆ) ಇಳಿಸುತ್ತಿದ್ದವರು. ಇದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೀರಲ್ಲ ಅಂತ ನನಗೆ ಸಂಕಟವಾಯಿತು. ಒಂದು ಕಡೆ ಮಾತ್ರ ತಡೆದೆ. ‘ಹೆಂಚಿನ ಮೇಲೆ ಸುರಿದಂತೆ ಧೋ ಎಂದು ಮಳೆ’ ಅಂತ ಬರೆದಿದ್ದೀರಿ. ಟೈಟನ್‌ನಲ್ಲಿ ಬೀಳುವುದು ಮೀಥೇನ್ ಮಳೆ. ಅಲ್ಲಿನ ಗುರುತ್ವ ನಮ್ಮದರ ಏಳನೇ ಒಂದು ಪಾಲು, ಗಾಳಿ ನಮಗಿಂತ ದಟ್ಟ. ಹನಿ ದಪ್ಪ ಇರುತ್ತದೆ, ತೀರಾ ನಿಧಾನಕ್ಕೆ ಇಳಿಯುತ್ತದೆ. ಶಿರಸಿಯ ಮಳೆಯ ಸದ್ದು ಅಲ್ಲಿಲ್ಲ. ಆ ಸದ್ದಿಗಾಗಿ ಕಾಯುವವನು ನಿಮ್ಮ ನಾಯಕ ಅಂತ ನನಗೆ ಅನ್ನಿಸಿತು. ಅವನು ಅದನ್ನು ಯಾರಿಗೆ ಹೇಳುತ್ತಾನೆ? ಗೋಪುರದ ಕೆಳಗೆ ಹಗ್ಗ ಹಿಡಿದವರು ಯಾರಾದರೂ ಇರಬೇಕಲ್ವಾ?

1816ರ ಜೂನಿನಲ್ಲಿ ಜಿನೀವಾ ಸರೋವರದ ದಡದ ಒಂದು ಮನೆಯಲ್ಲಿ ಐದು ಜನ ಮಳೆಗೆ ಸಿಕ್ಕಿಕೊಂಡಿದ್ದರು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿಗೆ ಆ ಸಲ ಬೇಸಿಗೆಯೇ ಬರಲಿಲ್ಲ. ಹೊರಗೆ ಹೋಗುವ ಹಾಗಿಲ್ಲ. ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದರು ಕವಿ ಬೈರನ್. ಆ ಐವರಲ್ಲಿ ಒಬ್ಬರಾದ ಹದಿನೆಂಟು ವರ್ಷದ ಮೇರಿಗೆ (ಮುಂದೆ ಮೇರಿ ಶೆಲ್ಲಿ) ಏನೂ ಹೊಳೆಯಲಿಲ್ಲ. ‘ಕಥೆ ಹೊಳೆಯಿತಾ’ ಅಂತ ಪ್ರತಿ ಬೆಳಿಗ್ಗೆ ಕೇಳುತ್ತಿದ್ದರು, ಇಲ್ಲ ಅನ್ನಲು ನಾಚಿಕೆಯಾಗುತ್ತಿತ್ತು ಅಂತ ಆಕೆಯೇ ಮುಂದೆ ಬರೆದಿದ್ದಾರೆ. ಎಷ್ಟೋ ಬೆಳಗು ಇಲ್ಲ ಅಂದಮೇಲೆ ಒಂದು ರಾತ್ರಿ ಹೊಳೆದದ್ದು, 1818ರಲ್ಲಿ ಅಚ್ಚಾದ ‘ಫ್ರಾಂಕೆನ್‌ಸ್ಟೈನ್’. ಅದನ್ನೇ ಮೊದಲ ಸೈ-ಫೈ ಕಾದಂಬರಿ ಅಂತ ಬಹಳ ಜನ ಒಪ್ಪುತ್ತಾರೆ.

ನಾನು ಎರಡು ವಾರ ಬಿಟ್ಟು ಈ ಅಂಕಣದ ವಿಳಾಸದಿಂದಲೇ ನಿಮಗೆ ಬರೆಯುತ್ತೇನೆ. ಒಂದೇ ಸಾಲು ಇರುತ್ತದೆ: ಎರಡನೇ ಪುಟ ಆಯಿತಾ?